ಕಸುಬು ಯಾರ ಕೈಯಲ್ಲಿ, ಕಾಗದ ಯಾರ ಹೆಸರಲ್ಲಿ?

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಿಂದ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಡುವವರನ್ನು ಏಜೆಂಟರು ಕೇಳುವ ಮೊದಲ ಪ್ರಶ್ನೆ, ‘ಎಸ್‌ಎಸ್‌ಎಲ್‌ಸಿ ಆಗಿದೆಯಾ?’ ಕೈಯಲ್ಲಿ ಏನು ಕಸುಬಿದೆ ಎಂಬ ವಿಚಾರಣೆ ಆಮೇಲಿನದು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂದರೆ ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ವಲಸೆ ಅನುಮತಿ ಪಡೆಯಬೇಕು. ಹತ್ತನೇ ತರಗತಿ ಪಾಸಾದವರಿಗೆ ಈ ತಪಾಸಣೆ ಇಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೂ, ಆದಾಯ ತೆರಿಗೆ ಕಟ್ಟುವವರಿಗೂ ಇಲ್ಲ. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿ ಇದ್ದು ಬಂದವರಿಗೂ ಇಲ್ಲ.

ಈ ಕೊನೆಯ ವಿನಾಯಿತಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಪರದೇಶದಲ್ಲಿ ಮೂರು ವರ್ಷ ಕಳೆದದ್ದು ಲೆಕ್ಕಕ್ಕೆ ಬರುತ್ತದೆ. ರಾಮನಗರದ ರೇಷ್ಮೆ ಘಟಕದಲ್ಲಿ ಮೂವತ್ತು ವರ್ಷ ನೂಲು ತೆಗೆದದ್ದು ಬರುವುದಿಲ್ಲ. ಚನ್ನಪಟ್ಟಣದಲ್ಲಿ ಅಪ್ಪನ ಪಕ್ಕದಲ್ಲಿ ಕೂತು ಲೇತಿನ ಕೆಲಸ ಕಲಿತದ್ದೂ ಬರುವುದಿಲ್ಲ.

ಹೀಗೆ ಯಾವಾಗ ಆಯಿತು? ನಮ್ಮ ಸೀಮೆಯ ಕಸುಬುಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಹಿಂದಿನಿಂದ ನೋಡುತ್ತ ಬಂದರೆ ಒಂದು ವಿಷಯ ಕಾಣುತ್ತದೆ. ಇಲ್ಲಿ ಕಸುಬಿಗೆ ಮನ್ನಣೆ ಸಿಗಲೇ ಇಲ್ಲ ಅನ್ನಲಾಗದು. ಮನ್ನಣೆ ಸಿಕ್ಕಿದೆ, ಅದಕ್ಕೆ ಕಾಗದವೂ ಬಂದಿದೆ. ಆದರೆ ಆ ಕಾಗದ ಒಮ್ಮೆ ಸರಕಿಗೆ, ಒಮ್ಮೆ ಘಟಕದ ಮಾಲೀಕನಿಗೆ, ಒಮ್ಮೆ ಊರಿನ ಹೆಸರಿಗೆ ಸಂದಿದೆ. ಕೆಲಸ ಬಲ್ಲವರ ಹೆಸರಿಗೆ ಬಂದದ್ದು ತೀರಾ ಈಚೆಗೆ.

ಕೆಲಸ ಬಲ್ಲವರನ್ನು ಕಳಿಸಿ ಎಂದ ಕಾಲ

ಮೈಸೂರು ಸೀಮೆಯ ರೇಷ್ಮೆ ಶುರುವಾದದ್ದೇ ಬಲ್ಲವರನ್ನು ಹುಡುಕುವುದರಿಂದ. ಟಿಪ್ಪು ಸುಲ್ತಾನನ ಪತ್ರಗಳಲ್ಲಿ ಒಂದಿಷ್ಟನ್ನು ವಿಲಿಯಂ ಕಿರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದು 1811ರಲ್ಲಿ ಪ್ರಕಟಿಸಿದ. 1780ರ ದಶಕದ ಆ ಪತ್ರಗಳಲ್ಲಿ ರೇಷ್ಮೆ ಹುಳುವಿಗಾಗಿ ಬಂಗಾಳಕ್ಕೆ ಆಳು ಕಳಿಸಿದ್ದು, ಮಸ್ಕತ್ತಿನಲ್ಲಿದ್ದ ತನ್ನ ಪ್ರತಿನಿಧಿಗೆ ಹುಳುವಿನ ಜೊತೆ ಅದನ್ನು ಸಾಕಲು ತಿಳಿದವರನ್ನೂ ಹುಡುಕಲು ಹೇಳಿದ್ದು ಇದೆ. ಹುಳು ಮಾತ್ರ ಬಂದರೆ ಸಾಲದು, ಅದರ ಹಿಂದೆ ಕೈಯೂ ಬರಬೇಕು ಎಂಬುದು ಆಗಲೇ ಗೊತ್ತಿತ್ತು. ಆ ಕೈಗೆ ಬೇಕಿದ್ದ ಅರ್ಹತೆ ಹುಳು ಸಾಕಿ ಗೊತ್ತಿರುವುದು, ಅಷ್ಟೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿದ. ಚನ್ನಪಟ್ಟಣದಲ್ಲಿ ಗಾಜಿನ ಬಳೆ, ಸಕ್ಕರೆ, ವಾದ್ಯಗಳಿಗೆ ಹಾಕುವ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನು ಬರೆದುಕೊಂಡ. ಆ ತಂತಿಗೆ ಒಳ್ಳೆಯ ಹೆಸರಿತ್ತು, ಅದು ದೂರದೂರಿಗೆ ಹೋಗುತ್ತಿತ್ತು. ಮಾಗಡಿ ಸೀಮೆಯ ಕಬ್ಬಿಣದ ಕುಲುಮೆಗಳ ಕೆಲಸವನ್ನೂ ಆತ ನೋಡಿ ದಾಖಲಿಸಿದ. ಅವನ ಪುಸ್ತಕದಲ್ಲಿ ಸರಕಿನ ವಿವರ ಇದೆ, ಮಾಡುವ ಬಗೆ ಇದೆ. ತಂತಿ ಎಳೆಯುತ್ತಿದ್ದವರು ಯಾರು ಎಂದು ಹೆಸರು ಹುಡುಕಿದರೆ ಸಿಗುವುದಿಲ್ಲ. ವೀಣೆಯ ತಂತಿ ಎಂದರೆ ಚನ್ನಪಟ್ಟಣದ್ದು ಎಂಬ ಮಾತು ಇಂದು ಆ ಊರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಊರು ಉಳಿಯಿತು, ಕಸುಬು ಹೋಯಿತು.

ನೂರು ವರ್ಷದ ನಂತರ ಬೇರೆ ದೇಶದವರ ಕೈ ನಮ್ಮಲ್ಲಿಗೆ ಬಂತು. ಜಮ್‌ಶೇಟ್‌ಜಿ ಟಾಟಾ 1890ರ ದಶಕದಲ್ಲಿ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ಫಾರಂ ತೆರೆದು, ಅದನ್ನು ನಡೆಸಲು ಜಪಾನಿನ ಓಡ್ಸು ದಂಪತಿಯನ್ನು ಕರೆಸಿದರು. ಆ ಜಾಗವನ್ನು ಬೆಂಗಳೂರಿನವರು ಈಗಲೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ನೇಮಿಸಿಕೊಂಡಿತು. ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಆದದ್ದು ಅದೇ ಕಾಲದಲ್ಲಿ.

ಬೊಂಬೆಯ ಚರಿತ್ರೆಯೂ ಹೀಗೇ. ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಎಂಬ ಮಾತು ಚನ್ನಪಟ್ಟಣದಲ್ಲಿ ಮನೆಮನೆಯಲ್ಲಿದೆ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜಪಾನಿನ ಅರಗಿನ ಕೆಲಸದ ವಿಧಾನವನ್ನು ಊರಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಆಮೇಲೆ ಆಲೆ ಮರ, ಅರಗು, ಹೊಳಪಿಗೆ ತಾಳೆಗರಿ, ಇವು ಮೂರು ಇದ್ದರೆ ಸಾಕು ಎಂಬಂತೆ ಕಸುಬು ಬೆಳೆಯಿತು. ಮರ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಎಷ್ಟು ಒತ್ತಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಹುಡುಗರು ಮಾಡಿ ಮಾಡಿ, ಬೈಸಿಕೊಂಡು ಕಲಿತರು.

ಓಡ್ಸು ದಂಪತಿ, ಮಾರಿ, ಬಾವಾಸ್ ಮಿಯಾ ಈ ಎಲ್ಲರದ್ದೂ ಒಂದು ಬಗೆಯ ಕುಶಲ ವಲಸೆಯೇ. ಅವರನ್ನು ಕರೆದವರು, ಕಳಿಸಿದವರು ಕೆಲಸವನ್ನು ಕಣ್ಣಾರೆ ನೋಡಿಯೋ, ನೋಡಿದವರ ಮಾತು ನಂಬಿಯೋ ಒಪ್ಪಿದರು. ಆದರೆ ಈ ಭಾಗ್ಯ ಸಿಕ್ಕಿದ್ದು ಅರಸನಿಗೋ, ಉದ್ಯಮಿಗೋ, ಸರ್ಕಾರಕ್ಕೋ ಬೇಕಾದ ಕೆಲವರಿಗೆ ಮಾತ್ರ. ಸಾಮಾನ್ಯ ಕೆಲಸಗಾರ ಸಮುದ್ರ ದಾಟಲು ಹೊರಟಾಗ ಕಾನೂನು ಅಡ್ಡ ಬರುತ್ತಿತ್ತು.

ಎರಡು ಕಾಯ್ದೆಗಳ ನಡುವೆ

ಬ್ರಿಟಿಷ್ ಭಾರತದ 1922ರ ವಲಸೆ ಕಾಯ್ದೆ ಕೂಲಿಗಳನ್ನು ತೋಟಗಳಿಗೆ ಸಾಗಿಸುವ ಪದ್ಧತಿಗೆ ಲಗಾಮು ಹಾಕಲು ಬಂದದ್ದು. ಆ ಕಾಯ್ದೆ ‘ಕುಶಲ ಕೆಲಸ’ ಎಂದರೆ ಏನು ಎಂದು ಹೇಳಿತು. ಪಟ್ಟಿಯಲ್ಲಿ ಮೊದಲು ಬರುವುದು ಕುಶಲಕರ್ಮಿಯಾಗಿ ದುಡಿಯುವುದು. ಆಮೇಲೆ ಗುಮಾಸ್ತಿಕೆ, ಅಂಗಡಿ ಕೆಲಸ, ಪ್ರದರ್ಶನ ಮತ್ತು ಮನರಂಜನೆ, ಹೋಟೆಲ್ ಕೆಲಸ, ಮನೆಗೆಲಸ. ಯಾವುದಕ್ಕೂ ಶಾಲೆಯ ಮಾತಿಲ್ಲ. ಕರೆದುಕೊಂಡು ಹೋಗುವ ಯಜಮಾನ ಸರ್ಕಾರದ ಅನುಮತಿ ಪಡೆಯಬೇಕಿತ್ತು, ಜಾಮೀನು ಕೊಡಬೇಕಿತ್ತು. ಕೆಲಸಗಾರ ಎಷ್ಟನೇ ಕ್ಲಾಸು ಓದಿದ್ದಾನೆಂದು ಕಾಯ್ದೆ ಕೇಳಲಿಲ್ಲ. ಇದನ್ನು ನಾವು ಬ್ರಿಟಿಷರ ಔದಾರ್ಯ ಎಂದು ಹೊಗಳಬೇಕಿಲ್ಲ. ಆಗ ಹೆಚ್ಚಿನವರು ಶಾಲೆ ಮೆಟ್ಟಿಲನ್ನೇ ಹತ್ತಿರಲಿಲ್ಲ, ಅದನ್ನು ಜರಡಿ ಮಾಡಿಕೊಂಡರೆ ಯಾರೂ ಉಳಿಯುತ್ತಿರಲಿಲ್ಲ.

1970ರ ದಶಕದಲ್ಲಿ ಎಣ್ಣೆ ದೇಶಗಳಲ್ಲಿ ದುಡ್ಡು ಹರಿದು, ಭಾರತದಿಂದ ಗಾರೆ ಕೆಲಸದವರು, ಬಡಗಿಗಳು, ಡ್ರೈವರುಗಳು ಸಾವಿರ ಸಾವಿರ ಹೋಗತೊಡಗಿದರು. ಮೋಸದ ಏಜೆಂಟರೂ ಹೆಚ್ಚಿದರು. ಹಳೆಯ ಕಾಯ್ದೆ ಸಾಲದಾಗಿ 1983ರ ವಲಸೆ ಕಾಯ್ದೆ ಬಂತು. ಇದರಲ್ಲಿ ‘ಕೆಲಸ’ ಎಂಬ ಒಂದೇ ಪದದ ಅರ್ಥದೊಳಗೆ ಕುಶಲವಲ್ಲದ ಕೂಲಿ, ಮನೆಗೆಲಸ, ಲಾರಿ ಡ್ರೈವರು, ಮೆಕ್ಯಾನಿಕ್, ತಂತ್ರಜ್ಞ, ಕುಶಲಕರ್ಮಿ ಎಲ್ಲರೂ ಸೇರಿದರು. ಎಲ್ಲರಿಗೂ ವಲಸೆ ಅನುಮತಿ ಬೇಕು. ಯಾರಿಗೆ ಬೇಡ ಎಂಬುದನ್ನು ಸರ್ಕಾರ ವಿನಾಯಿತಿ ಪಟ್ಟಿಯಲ್ಲಿ ಹೇಳುತ್ತ ಬಂತು. ಹತ್ತನೇ ತರಗತಿ ಇಷ್ಟು ದೊಡ್ಡ ಗೆರೆಯಾದದ್ದು ಆ ಪಟ್ಟಿಯಿಂದ.

ಈ ತಪಾಸಣೆಗೆ ಕಾರಣವಿದೆ ಎಂಬುದನ್ನೂ ಹೇಳಬೇಕು. ಓದಿಲ್ಲದವರು ಕರಾರು ಪತ್ರ ಓದಲಾರರು, ಮೋಸ ಹೋಗುತ್ತಾರೆ ಎಂಬ ಕಾಳಜಿ ಅದರ ಹಿಂದಿದೆ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿಯ ವಿಮೆಯೂ ಇದೆ. ಆದರೆ ಕಾಳಜಿಯ ಗೆರೆ ಬಳಕೆಯಲ್ಲಿ ಯೋಗ್ಯತೆಯ ಗೆರೆಯಾಗಿದೆ. ಇಸಿಆರ್ ಪಾಸ್‌ಪೋರ್ಟ್ ಎಂದರೆ ಕೆಲಸ ಬರದವನು ಎಂಬ ಭಾವನೆ ಏಜೆಂಟರಲ್ಲೂ ಊರಲ್ಲೂ ಇದೆ. ಹಾಗಾಗಿಯೇ ತಪಾಸಣೆ ತಪ್ಪಿಸಿಕೊಳ್ಳಲು ಪ್ರವಾಸಿ ವೀಸಾದಲ್ಲಿ ಹೋಗುವ ಅಪಾಯಕ್ಕೆ ಜನ ಕೈಹಾಕುತ್ತಾರೆ. ಆಗ ವಿಮೆಯೂ ಇಲ್ಲ, ಕರಾರೂ ಇಲ್ಲ.

ಪರವಾನಗಿ ಬೇಸಿನ್ನಿಗೆ, ಕೈಗಲ್ಲ

ಈಗ ಊರಿಗೆ ಬರೋಣ. ರಾಮನಗರದ ರೇಷ್ಮೆ ಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡವುಗಳಲ್ಲಿ ಒಂದು. ಕನಕಪುರ, ಮಾಗಡಿ, ಚನ್ನಪಟ್ಟಣದ ರೈತರು ಚಂದ್ರಿಕೆಯಿಂದ ಬಿಡಿಸಿದ ಗೂಡು ತಂದು ಹರಾಜಿಗೆ ಇಡುತ್ತಾರೆ, ರೀಲರುಗಳು ಕೊಳ್ಳುತ್ತಾರೆ. ಈ ವ್ಯವಹಾರಕ್ಕೆ ಬುನಾದಿ 1959ರ ರೇಷ್ಮೆ ಮೊಟ್ಟೆ, ಗೂಡು ಮತ್ತು ನೂಲಿನ ನಿಯಂತ್ರಣ ಕಾಯ್ದೆ. ಗೂಡು ಕೊಳ್ಳಲು, ನೂಲು ಬಿಚ್ಚಲು ರೀಲರಿಗೆ ಪರವಾನಗಿ ಬೇಕು. ದಲ್ಲಾಳಿಗಳ ಕೈಯಿಂದ ರೈತನನ್ನು ಬಿಡಿಸಿದ ಒಳ್ಳೆಯ ಕಾನೂನು ಇದು.

ಪರವಾನಗಿ ಇರುವುದು ಘಟಕ ನಡೆಸುವವರ ಹೆಸರಿನಲ್ಲಿ. ಬೇಸಿನ್ ಮುಂದೆ ಕೂತವರು, ನಿಂತವರು ಬೇರೆ. ಗೂಡನ್ನು ಎಷ್ಟು ಬೇಯಿಸಬೇಕೆಂದು ಅವರಿಗೆ ಗೊತ್ತು. ಬಿಸಿನೀರಿನಲ್ಲಿ ಬೆರಳಾಡಿಸಿ ತುದಿ ಹಿಡಿಯಬೇಕು, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ಮಾಡಬೇಕು, ಒಂದು ಎಳೆ ತೀರಿದ ಗಳಿಗೆಗೆ ಇನ್ನೊಂದನ್ನು ಕೊಡಬೇಕು. ತಡವಾದರೆ ನೂಲು ತೆಳ್ಳಗಾಗುತ್ತದೆ, ಅವಸರವಾದರೆ ಗಂಟು ಬೀಳುತ್ತದೆ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಎಂಬ ‘ರೆಂಡಿಟ್ಟ’ ಲೆಕ್ಕ ಬಹುಮಟ್ಟಿಗೆ ಈ ಕೈಗಳನ್ನೇ ನಂಬಿದೆ. ಆ ಲೆಕ್ಕ ಪುಸ್ತಕದಲ್ಲಿ ಇರುತ್ತದೆ. ಕೈ ಯಾರದು ಎಂಬುದು ಬಹಳ ಕಡೆ ಇರುವುದಿಲ್ಲ.

ಅದೇ ಚನ್ನಪಟ್ಟಣದಲ್ಲಿ 1930ರ ದಶಕದಲ್ಲಿ ಬಂದ ಸ್ಪನ್ ಸಿಲ್ಕ್ ಮಿಲ್ಲಿನಂಥ ಕಡೆ ದುಡಿದವರಿಗೆ ಹಾಜರಿ ಪುಸ್ತಕವಿತ್ತು. ಕಾರ್ಖಾನೆ ಕಾನೂನು ನಡೆಯುವ ಕಡೆ ಇಂತಿಷ್ಟು ವರ್ಷ ಇಂಥ ಕೆಲಸ ಮಾಡಿದ್ದಾರೆ ಎಂದು ತೋರಿಸಲು ಏನಾದರೊಂದು ಇರುತ್ತದೆ. ಸಣ್ಣ ಘಟಕದಲ್ಲಿ, ಮನೆಯಂಗಳದ ಚರಕದಲ್ಲಿ ದುಡಿದವರಿಗೆ ಏನೂ ಇಲ್ಲ. ಕಸುಬು ಒಂದೇ ಸೀಮೆಯದು, ಸಾಕ್ಷಿ ಮಾತ್ರ ಗೋಡೆಯ ಒಳಗಿದ್ದವರಿಗೆ.

ಇನ್ನೊಂದು ಕಹಿ ಸತ್ಯವನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. 2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಹೊರತಂದಾಗ ಅದರಲ್ಲಿ ನಮ್ಮ ರಾಮನಗರದ ಹೆಸರೂ ಇತ್ತು. ಸಾಲದ ಮುಂಗಡಕ್ಕೆ ಮಕ್ಕಳನ್ನು ಕೆಲಸಕ್ಕೆ ಬಿಟ್ಟ ಮನೆಗಳ ಕತೆ ಈ ಊರಿನ ಹಿರಿಯರಿಗೆ ಹೊಸದಲ್ಲ. ಆ ಮಕ್ಕಳಿಗೆ ಇವತ್ತು ಮೂವತ್ತು, ನಲವತ್ತು ವಯಸ್ಸು. ಬೇರೆ ಮಕ್ಕಳು ಏಳು, ಎಂಟು, ಒಂಬತ್ತನೇ ತರಗತಿ ಓದುತ್ತಿದ್ದ ವರ್ಷಗಳಲ್ಲೇ ಇವರ ಕೈಗೆ ಕಸುಬು ಹತ್ತಿದ್ದು. ಅಂದರೆ ಕಸುಬು ಬಂದ ಕಾರಣಕ್ಕೇ ಎಸ್‌ಎಸ್‌ಎಲ್‌ಸಿ ಇಲ್ಲ. ಅಂದು ಶಾಲೆ ಬಿಡಿಸಿದ ವ್ಯವಸ್ಥೆ ಇಂದು ಅಂಕಪಟ್ಟಿ ಕೇಳುತ್ತದೆ. ನಮ್ಮ ಪ್ರಕಾರ ಈ ವಿಷಯದಲ್ಲಿ ನ್ಯಾಯದ ಪ್ರಶ್ನೆ ಇರುವುದು ಇಲ್ಲಿಯೇ. ಮಕ್ಕಳು ಬೇಸಿನ್ ಬಿಟ್ಟು ಶಾಲೆಗೆ ಹೋದದ್ದು ಗೆಲುವು. ಆ ಗೆಲುವಿಗೆ ಮುಂಚೆ ಸಿಕ್ಕಿಹಾಕಿಕೊಂಡವರನ್ನು ಎರಡನೇ ಸಲ ಶಿಕ್ಷಿಸಬಾರದು.

ಊರಿಗೆ ಬಂದ ಪತ್ರ

1999ರ ಭೌಗೋಳಿಕ ಸೂಚಕಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂತು. ಅದಾದ ಕೆಲವೇ ವರ್ಷಗಳಲ್ಲಿ ಚನ್ನಪಟ್ಟಣದ ಬೊಂಬೆಗೆ ಜಿಐ ಮಾನ್ಯತೆ ಸಿಕ್ಕಿತು. ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಮಾಡಿದ ಆಟಿಕೆಯನ್ನು ಚನ್ನಪಟ್ಟಣದ್ದು ಎಂದು ಮಾರುವಂತಿಲ್ಲ. ಅಗ್ಗದ ಚೀನಾ ಆಟಿಕೆಗಳು ಸಂತೆ ತುಂಬಿದ್ದ ಹೊತ್ತಿನಲ್ಲಿ ಇದು ದೊಡ್ಡ ಆಸರೆ. ಅದಕ್ಕೂ ಮುಂಚೆ ಡಚ್ ಸರ್ಕಾರದ ನೆರವು ಮತ್ತು ರಾಜ್ಯದ ವಿಶ್ವ ಯೋಜನೆಯಲ್ಲಿ ಅರಗಿನ ಕರಕುಶಲ ಸಂಕೀರ್ಣ ಆಗಿ, 32 ಲೇತುಗಳು ಬಂದಿದ್ದವು.

ಜಿಐ ಊರಿನ ಹೆಸರನ್ನು ಕಾಪಾಡುತ್ತದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ಅವಕಾಶವೂ ಅದರಲ್ಲಿದೆ. ಆದರೆ ಇಂಥವರಿಗೆ ಲೇತಿನ ಕೆಲಸ ಈ ಮಟ್ಟಕ್ಕೆ ಬರುತ್ತದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ಕನಕಪುರ ಕಡೆಯ ಕ್ವಾರಿಗಳ ಕಲ್ಲಿಗೂ ಇದೇ ಮಾತು. ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿದೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರದ ಹಳೆಯ ಹೆಸರು. ಕಲ್ಲು ಪರ್ಮಿಟ್ಟು ಹಿಡಿದು ಲಾರಿ ಹತ್ತುತ್ತದೆ. ಕಲ್ಲಿನ ಎಳೆ ನೋಡಿ ಎಲ್ಲಿ ಚಾಣ ಇಟ್ಟರೆ ನೆಟ್ಟಗೆ ಸೀಳುತ್ತದೆ ಎಂದು ಬಲ್ಲವನಿಗೆ ಯಾವ ಪರ್ಮಿಟ್ಟೂ ಇಲ್ಲ.

ಕೊನೆಗೂ ಹೆಸರಿಗೆ ಬಂದದ್ದು

ಕೇಂದ್ರ ಸರ್ಕಾರ 2013ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಹೊರಡಿಸಿತು. 2015ರ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಆರ್‌ಪಿಎಲ್’ ಎಂಬುದು ಬಂತು. ಅಂದರೆ ಮೊದಲೇ ಕಲಿತದ್ದಕ್ಕೆ ಮನ್ನಣೆ. ಕೆಲಸ ಮಾಡಿ ಕಲಿತವರಿಗೆ ಸಣ್ಣ ತಿಳಿವಳಿಕೆ ಕೊಟ್ಟು, ಪರೀಕ್ಷೆ ಮಾಡಿ, ಪಾಸಾದರೆ ಪ್ರಮಾಣಪತ್ರ. ಆಲೋಚನೆ ಸರಿಯಾದದ್ದು. ಆದರೆ ಯಾವ ಕಸುಬಿಗೆ ಅಳತೆಗೋಲು ಬರೆದಿಟ್ಟಿದ್ದಾರೋ ಅದಕ್ಕೆ ಮಾತ್ರ ಪರೀಕ್ಷೆ. ಸಿಕ್ಕಿದ ಪತ್ರವನ್ನು ಹೊರದೇಶ ಒಪ್ಪಲೇಬೇಕೆಂದೂ ಇಲ್ಲ.

2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. 18 ಕಸುಬುಗಳು, ಪ್ರಮಾಣಪತ್ರ, ಗುರುತಿನ ಚೀಟಿ, ತರಬೇತಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15 ಸಾವಿರ ರೂಪಾಯಿ. ಬೊಂಬೆ ಮಾಡುವವರು, ಕಲ್ಲು ಕೆಲಸದವರು, ಬಡಗಿ, ಗಾರೆಯವರು ಪಟ್ಟಿಯಲ್ಲಿದ್ದಾರೆ. ರೇಷ್ಮೆ ನೂಲು ಬಿಚ್ಚುವವರು ಇಲ್ಲ. ಮತ್ತೊಂದು ನಿಯಮ, ಒಂದು ಕುಟುಂಬಕ್ಕೆ ಒಬ್ಬರೇ. ಗಂಡ ಮರ ಕಡೆದು ಹೆಂಡತಿ ಬಣ್ಣ ಬರೆಯುವ ಮನೆಯಲ್ಲಿ ಪತ್ರ ಒಬ್ಬರ ಹೆಸರಿಗೆ. ಆ ಒಬ್ಬರು ಯಾರಾಗುತ್ತಾರೆಂದು ನಾವು ಬಿಡಿಸಿ ಹೇಳಬೇಕಿಲ್ಲ.

ಹೊರದೇಶಗಳೂ ಬದಲಾಗುತ್ತಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪತ್ರವಿಲ್ಲದೆ ಕೆಲಸ ಕಲಿತವರ ಸಲುವಾಗಿ ಆಸ್ಟ್ರೇಲಿಯಾ 1946ರಲ್ಲೇ ಒಂದು ಕಾಯ್ದೆ ಮಾಡಿ, ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಮೂವರೂ ಇರುವ ಸಮಿತಿಗಳಿಂದ ಕಸುಬಿನ ಪತ್ರ ಕೊಡಿಸಿತು. ಅದೇ ದಾರಿ ಮುಂದೆ ವಲಸೆ ಬಂದವರಿಗೂ ತೆರೆಯಿತು. ಇಂದು ಅಲ್ಲಿ ಎಲೆಕ್ಟ್ರಿಷಿಯನ್ನಿಗೋ ವೆಲ್ಡರಿಗೋ ಕೆಲಸದ ದಾಖಲೆ ನೋಡಿ, ಪ್ರಶ್ನೆ ಕೇಳಿ, ಕೆಲಸ ಮಾಡಿಸಿ ಅಳೆಯುವ ಪದ್ಧತಿ ಇದೆ. ಸೌದಿ ಅರೇಬಿಯಾ ಈಚೆಗೆ ಪ್ಲಂಬರ್, ವೆಲ್ಡರ್ ಮುಂತಾದವರಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸುತ್ತಿದೆ. ಜಪಾನ್ 2019ರಲ್ಲಿ ತೆರೆದ ‘ನಿರ್ದಿಷ್ಟ ಕೌಶಲ’ ವೀಸಾಗೆ ಭಾರತ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಶಾಲೆಯ ಅಂಕಪಟ್ಟಿ ಬೇಡ. ಕಸುಬಿನ ಪರೀಕ್ಷೆ ಮತ್ತು ಜಪಾನಿ ಭಾಷೆಯ ಪರೀಕ್ಷೆ ಪಾಸಾಗಬೇಕು. 2024ರಲ್ಲಿ ಮರದ ಉದ್ಯಮವೂ ಅದರ ಪಟ್ಟಿಗೆ ಸೇರಿತು. ನಮ್ಮೂರಿಗೆ ಅರಗಿನ ವಿದ್ಯೆ ಬಂತೆಂದು ಹೇಳುವ ದೇಶ ಈಗ ಕೈ ನೋಡಿ ಒಪ್ಪುತ್ತೇನೆ ಎನ್ನುತ್ತಿದೆ, ಆದರೆ ಮೊದಲು ನನ್ನ ಭಾಷೆ ಕಲಿ ಎನ್ನುತ್ತಿದೆ.

ಈಗ ಮಾಡಬಹುದಾದದ್ದು

ಈ ಪರೀಕ್ಷೆಗಳಲ್ಲಿ ಹಲವೆಡೆ ಎರಡು ಸಂಗತಿ ಕೇಳುತ್ತಾರೆ: ಕೆಲಸ ಮಾಡಿ ತೋರಿಸು, ಎಷ್ಟು ವರ್ಷ ಮಾಡಿದೆ ಎಂಬುದಕ್ಕೆ ಸಾಕ್ಷಿ ತೋರಿಸು. ನಮ್ಮವರು ಸೋಲುವುದು ಎರಡನೆಯದರಲ್ಲಿ. ಹಾಗಾಗಿ ಹೊರದೇಶದ ಯೋಚನೆ ಇರಲಿ, ಬಿಡಲಿ, ಕೂಲಿ ಬ್ಯಾಂಕಿನ ಮೂಲಕ ಪಡೆಯುವುದು, ಮಾಲೀಕರಿಂದ ತಾರೀಖು ಹಾಕಿಸಿ ಅನುಭವದ ಪತ್ರ ಬರೆಸಿಕೊಳ್ಳುವುದು, ಮಾಡಿದ ಕೆಲಸದ ಫೋಟೊ ಇಡುವುದು, ಇ-ಶ್ರಮ್ ನೋಂದಣಿಯಲ್ಲಿ ‘ಕೂಲಿ’ ಎಂದು ಬರೆಸದೆ ಕಸುಬಿನ ಹೆಸರನ್ನೇ ಬರೆಸುವುದು, ಇವು ಖರ್ಚಿಲ್ಲದ ಕೆಲಸ. ಆಗುವವರು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು. ಅದು ಕಸುಬಿನ ಪತ್ರವಲ್ಲ, ಆದರೆ ಇಸಿಆರ್ ಗೆರೆ ದಾಟಿಸುತ್ತದೆ.

ಉಳಿದದ್ದು ಸರ್ಕಾರದ ಕೆಲಸ. ರೀಲಿಂಗ್ ಪರವಾನಗಿ ನವೀಕರಿಸುವಾಗ ಘಟಕದಲ್ಲಿ ದುಡಿಯುವವರ ಹೆಸರು, ಕೆಲಸ, ಸೇರಿದ ವರ್ಷ ಇಷ್ಟನ್ನು ಬರೆಸಿಕೊಳ್ಳಲು ರೇಷ್ಮೆ ಇಲಾಖೆಗೆ ಒಂದು ಪುಟ ಸಾಕು. ಹತ್ತು ವರ್ಷ ಹೀಗೆ ಬರೆದರೆ ಅದೇ ಒಂದು ದಾಖಲೆ. ಬುಕಾನನ್ ತಂತಿಯ ವಿವರ ಬರೆದ, ತಂತಿ ಎಳೆದವರ ಹೆಸರು ಬಿಟ್ಟ. ಎರಡು ಶತಮಾನ ಕಳೆದ ಮೇಲೂ ನಮ್ಮ ಕಚೇರಿಗಳ ಪುಸ್ತಕ ಅದೇ ರೀತಿ ಇದೆ. 2007ರಲ್ಲಿ ಈ ಸೀಮೆ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರೂ ಬದಲಾಯಿತು. ಜಿಲ್ಲೆಯ ಹೆಸರು ಬದಲಿಸಲು ಅಷ್ಟು ಕಡತ ಓಡಿಸಿದವರು ಬೇಸಿನ್ ಮುಂದಿನ ಹೆಂಗಸಿನ ಹೆಸರನ್ನು ಒಂದು ಕಡತದಲ್ಲಿ ಬರೆದುಕೊಳ್ಳಲಿ.